‘ನೇಟಿವ್’ ಎಂದರೆ ಯಾರು? ಹಳೆಯ ಇಂಗ್ಲಿಷ್ ಪತ್ರಿಕೆಗಳನ್ನು ಓದುವವರಿಗೆ ಒಂದು ವಿವರಣೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪತ್ರಿಕೆಗಳನ್ನು ನೋಡಬೇಕಾದರೆ ಹಿಂದೆ ಲಂಡನ್ನಿಗೋ ಕಲ್ಕತ್ತೆಗೋ ಮದರಾಸಿಗೋ ಹೋಗಿ, ಪತ್ರಾಗಾರದ ಮೇಜಿನ ಮುಂದೆ ಕೂರಬೇಕಾಗಿತ್ತು. ಈಗ ಅವುಗಳಲ್ಲಿ ಬಹಳಷ್ಟು ಅಂತರ್ಜಾಲದಲ್ಲಿ ಸಿಗುತ್ತವೆ, ಪದವೊಂದನ್ನು ಕೊಟ್ಟು ಹುಡುಕಲೂ ಬರುತ್ತದೆ. ತಮ್ಮ ಊರಿನ ಬರಗಾಲದ ಸುದ್ದಿಯನ್ನೋ, ಮುತ್ತಜ್ಜ ಗುಮಾಸ್ತರಾಗಿದ್ದ ಕಚೇರಿಯ ಹೆಸರನ್ನೋ, ಒಂದು ಕಾಲದಲ್ಲಿ ನಡೆಯುತ್ತಿದ್ದ ಕನ್ನಡ ವಾರಪತ್ರಿಕೆಯ ಸುಳಿವನ್ನೋ ಹುಡುಕುವ ಸಾಮಾನ್ಯ ಓದುಗರು ಈ ಪುಟಗಳಿಗೆ ಹೀಗೆ ತಲುಪುತ್ತಿದ್ದಾರೆ. ಅಲ್ಲಿ ಅವರಿಗೆ ಮೊದಲು ಎದುರಾಗುವ ತೊಡಕು ಕಷ್ಟದ ಇಂಗ್ಲಿಷ್ ಅಲ್ಲ, ಎಲ್ಲರಿಗೂ ಗೊತ್ತಿರುವ ಒಂದು ಸುಲಭ ವಿಶೇಷಣ. ‘ಇಂಡಿಯನ್’ ಎಂದು ನಾವು ನಿರೀಕ್ಷಿಸುವ ಕಡೆಯಲ್ಲೆಲ್ಲ ಆ ಪತ್ರಿಕೆಗಳು ‘ನೇಟಿವ್’ ಎಂದು ಬರೆಯುತ್ತವೆ.

ಈ ಪದ ಕನ್ನಡಿಗರಿಗೆ ಹೊಸದಲ್ಲ. “ನಿಮ್ಮ ನೇಟಿವ್ ಯಾವುದು?” ಎಂದು ಬೆಂಗಳೂರಿನಲ್ಲಿ ದಿನಕ್ಕೆ ಎಷ್ಟು ಜನ ಎಷ್ಟು ಜನರನ್ನು ಕೇಳುತ್ತಾರೋ ಲೆಕ್ಕವಿಲ್ಲ. ಹುಟ್ಟೂರು, ಹಿರಿಯರ ಊರು ಎಂಬ ಪ್ರೀತಿಯ ಅರ್ಥ ಅಲ್ಲಿದೆ. ಆ ಅರ್ಥವನ್ನೇ ಹಿಡಿದುಕೊಂಡು 1880ರ ಪತ್ರಿಕೆಯೊಂದನ್ನು ಓದಿದರೆ ವಾಕ್ಯ ಅರ್ಥವಾಯಿತು ಎನಿಸುತ್ತದೆ, ಆದರೆ ಸುದ್ದಿಯ ಒಳಗಿನ ವ್ಯಾಜ್ಯ ಕೈತಪ್ಪಿ ಹೋಗುತ್ತದೆ. ಆದ್ದರಿಂದ ಈ ವಿಶೇಷಣ ಅಂದಿನ ಪತ್ರಿಕೆಗಳಲ್ಲಿ ಏನು ಕೆಲಸ ಮಾಡುತ್ತಿತ್ತು ಎಂಬುದನ್ನು ಮೊದಲಿನಿಂದ ನೋಡುವುದು ಒಳ್ಳೆಯದು.

ಮೂಲಾರ್ಥ ಮತ್ತು ಅದರ ತೊಡಕು

ಲ್ಯಾಟಿನ್ ಭಾಷೆಯಲ್ಲಿ ಹುಟ್ಟುವುದನ್ನು ಸೂಚಿಸುವ ಧಾತುವಿನಿಂದ ಈ ಪದ ಬಂದಿದೆ. ‘ನೇಷನ್’, ‘ನೇಚರ್’ ಎಂಬ ಪದಗಳೂ ಅದೇ ಬೇರಿನವು. ಹಾಗಾಗಿ ‘ನೇಟಿವ್’ ಎಂದರೆ ಮೂಲದಲ್ಲಿ ‘ಆ ಸ್ಥಳದಲ್ಲಿ ಹುಟ್ಟಿದ’ ಎಂದಷ್ಟೇ. ಇದರಲ್ಲಿ ಬಣ್ಣವಿಲ್ಲ, ಧರ್ಮವಿಲ್ಲ, ಮೇಲುಕೀಳಿಲ್ಲ.

ಆದರೆ ‘ಆ ಸ್ಥಳ’ ಯಾವುದು ಎಂಬುದನ್ನು ಪದವು ತಾನಾಗಿ ಹೇಳುವುದಿಲ್ಲ. ಸೊಸೆ ಎಂಬ ಪದ ಹೇಗೋ ಇದೂ ಹಾಗೆಯೇ: ಒಬ್ಬಳೇ ಹೆಂಗಸು ಒಂದು ಮನೆಯಲ್ಲಿ ಮಗಳು, ಇನ್ನೊಂದು ಮನೆಯಲ್ಲಿ ಸೊಸೆ, ಮತ್ತು ಯಾರ ಮನೆಯಲ್ಲಿ ನಿಂತು ಮಾತನಾಡುತ್ತಿದ್ದೇವೆ ಎಂಬುದು ತಿಳಿಯದೆ ಆ ಪದದಿಂದ ಪ್ರಯೋಜನವಿಲ್ಲ. ‘ನೇಟಿವ್’ ಕೂಡ ಪತ್ರಿಕೆ ಎಲ್ಲಿ ಅಚ್ಚಾಯಿತು, ಬರೆದವರು ಯಾರು, ಯಾರಿಗಾಗಿ ಬರೆದರು ಎಂಬುದರ ಮೇಲೆ ತನ್ನ ಅರ್ಥವನ್ನು ಬದಲಿಸಿಕೊಳ್ಳುತ್ತದೆ.

ಒಂದೇ ಪದ, ನಾಲ್ಕು ನಗರ

ವಿಕ್ಟೋರಿಯಾ ಕಾಲದ ಲಂಡನ್ ಪತ್ರಿಕೆಯ ಜಾಹೀರಾತುಗಳಲ್ಲಿ ‘ಉತ್ತಮ ನೇಟಿವ್ಸ್’ ಮಾರಾಟಕ್ಕಿವೆ ಎಂಬ ಮಾತು ಕಂಡರೆ ಗಾಬರಿಯಾಗಬೇಕಿಲ್ಲ. ಅವು ಸಿಂಪಿ, ಅಂದರೆ ಚಿಪ್ಪಿನೊಳಗಿನ ಖಾದ್ಯಜೀವಿಗಳು. ಕೆಂಟ್ ಪ್ರಾಂತದ ವಿಟ್‌ಸ್ಟಬಲ್, ಎಸೆಕ್ಸ್‌ನ ಕೋಲ್ಚೆಸ್ಟರ್ ಮುಂತಾದ ಇಂಗ್ಲಿಷ್ ಕರಾವಳಿಯ ನೀರಿನಲ್ಲೇ ಬೆಳೆದ ಸಿಂಪಿಗಳಿಗೆ ಆ ಹೆಸರಿತ್ತು. ಅಲ್ಲಿ ಅದು ಗುಣಮಟ್ಟದ ಗುರುತು, ಸ್ವಲ್ಪ ಹೆಚ್ಚಿನ ಬೆಲೆಗೂ ಕಾರಣ.

ನ್ಯೂಯಾರ್ಕಿನಲ್ಲಿ 1840 ಮತ್ತು 50ರ ದಶಕಗಳಲ್ಲಿ ‘ನೇಟಿವ್ ಅಮೆರಿಕನ್’ ಎಂದು ಅಚ್ಚಾಗಿದ್ದರೆ ಅದು ಇಂದು ನಾವು ತಿಳಿಯುವಂತೆ ಆ ಖಂಡದ ಮೂಲನಿವಾಸಿಗಳನ್ನು ಕುರಿತದ್ದಾಗಿರುವುದು ಅಪರೂಪ. ಅಮೆರಿಕದಲ್ಲೇ ಹುಟ್ಟಿದ ಬಿಳಿಯ ಪ್ರಾಟೆಸ್ಟೆಂಟರು, ಐರ್ಲೆಂಡ್ ಮತ್ತು ಜರ್ಮನಿಯಿಂದ ಹಿಂಡುಹಿಂಡಾಗಿ ಬರುತ್ತಿದ್ದ ಕ್ಯಾಥೊಲಿಕ್ ವಲಸಿಗರ ವಿರುದ್ಧ ಕಟ್ಟಿಕೊಂಡ ರಾಜಕೀಯ ಪಕ್ಷಕ್ಕೆ ಆ ಹೆಸರಿತ್ತು. ಗುಟ್ಟಿನ ಸಂಘವಾಗಿ ಬೆಳೆದ ಈ ಚಳವಳಿಯ ಸದಸ್ಯರು, ಯಾರಾದರೂ ಕೇಳಿದರೆ ‘ನನಗೇನೂ ಗೊತ್ತಿಲ್ಲ’ ಎನ್ನಬೇಕಾಗಿದ್ದುದರಿಂದ ಜನ ಅವರನ್ನು ‘ನೋ ನಥಿಂಗ್’ ಎಂದು ಕರೆದರು. 1856ರ ಅಧ್ಯಕ್ಷೀಯ ಚುನಾವಣೆಯಲ್ಲಿ ಮಾಜಿ ಅಧ್ಯಕ್ಷ ಮಿಲರ್ಡ್ ಫಿಲ್ಮೋರ್ ಇವರ ಅಭ್ಯರ್ಥಿಯಾಗಿದ್ದರು.

ಮೆಲ್ಬರ್ನಿನ ಪತ್ರಿಕೆಗಳಲ್ಲಿಯೂ ಇಂಥದೇ ಸೋಜಿಗ. 1871ರಲ್ಲಿ ಅಲ್ಲಿ ಹುಟ್ಟಿದ ‘ಆಸ್ಟ್ರೇಲಿಯನ್ ನೇಟಿವ್ಸ್ ಅಸೋಸಿಯೇಷನ್’ ಆ ನೆಲದ ಮೂಲನಿವಾಸಿಗಳ ಸಂಘವಲ್ಲ; ಆಸ್ಟ್ರೇಲಿಯದಲ್ಲಿ ಜನಿಸಿದ ಬಿಳಿಯ ಗಂಡಸರ ಸಂಘ. ಆದರೆ ಅದೇ ಪತ್ರಿಕೆಯ ಇನ್ನೊಂದು ಅಂಕಣದಲ್ಲಿ, ಒಳನಾಡಿನ ಘರ್ಷಣೆಯ ವರದಿಯಲ್ಲಿ, ‘ನೇಟಿವ್ಸ್’ ಎಂದರೆ ಮೂಲನಿವಾಸಿಗಳೇ ಆಗಿರಬಹುದು. ಸುತ್ತಲಿನ ವಾಕ್ಯ ನೋಡದೆ ತೀರ್ಮಾನಿಸಲು ಬರುವುದಿಲ್ಲ.

ಇನ್ನು ಕಲ್ಕತ್ತೆ. ನ್ಯೂಯಾರ್ಕ್ ಮತ್ತು ಮೆಲ್ಬರ್ನಿನಲ್ಲಿ ಆ ವಿಶೇಷಣವನ್ನು ತಮಗೆ ತಾವೇ ಹಚ್ಚಿಕೊಂಡವರು ಅಧಿಕಾರದ ಹತ್ತಿರ ಇದ್ದವರು, ಹೊಸದಾಗಿ ಬಂದವರಿಗಿಂತ ತಮಗೆ ಹಕ್ಕು ಹೆಚ್ಚು ಎಂದು ಸಾಧಿಸಲು ಅದನ್ನು ಬಳಸಿದರು. ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲಿ ಲೆಕ್ಕ ತಲೆಕೆಳಗಾಯಿತು. ಹೊಸದಾಗಿ ಬಂದವರೇ ಆಳುವವರಾಗಿದ್ದರು, ಪದವನ್ನು ಬಳಸುವವರೂ ಅವರೇ ಆಗಿದ್ದರು. ಇಲ್ಲಿ ಹುಟ್ಟಿದವರು ಎಂಬುದು ಹಕ್ಕಿನ ಮಾತಾಗುವ ಬದಲು, ಆಳಿಸಿಕೊಳ್ಳುವವರು ಎಂಬುದಕ್ಕೆ ಇನ್ನೊಂದು ಹೆಸರಾಯಿತು.

ಆಂಗ್ಲೋ-ಇಂಡಿಯನ್ ಪತ್ರಿಕೆ, ನೇಟಿವ್ ಪತ್ರಿಕೆ

ಮುಂದಿನದು ತಿಳಿಯಬೇಕಾದರೆ ಇನ್ನೊಂದು ಪದದ ಹಳೆಯ ಅರ್ಥವನ್ನೂ ಹೇಳಿಬಿಡಬೇಕು. ‘ಆಂಗ್ಲೋ-ಇಂಡಿಯನ್’ ಎಂದರೆ ಇಂದು ಮಿಶ್ರ ಮೂಲದ ಒಂದು ಸಮುದಾಯ; ಹತ್ತೊಂಬತ್ತನೆಯ ಶತಮಾನದಲ್ಲಿ ಅದು ಭಾರತದಲ್ಲಿ ನೌಕರಿಗೋ ವ್ಯಾಪಾರಕ್ಕೋ ನೆಲೆಸಿದ್ದ ಬ್ರಿಟಿಷರ ಹೆಸರು. 1911ರ ಜನಗಣತಿಯ ಹೊತ್ತಿಗೆ ಸರ್ಕಾರ ಅದನ್ನು ಮಿಶ್ರ ಮೂಲದವರಿಗೆ ಅನ್ವಯಿಸಿತು. ಹೀಗಾಗಿ ಅಲಹಾಬಾದಿನ ‘ಪಯೋನಿಯರ್’, ಕಲ್ಕತ್ತೆಯ ‘ಇಂಗ್ಲಿಷ್‌ಮನ್’, ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’, ಲಾಹೋರಿನ ‘ಸಿವಿಲ್ ಅಂಡ್ ಮಿಲಿಟರಿ ಗೆಜೆಟ್’, ಮದರಾಸಿನ ‘ಮದ್ರಾಸ್ ಮೇಲ್’ ಇವೆಲ್ಲ ಆಂಗ್ಲೋ-ಇಂಡಿಯನ್ ಪತ್ರಿಕೆಗಳು, ಅಂದರೆ ಬ್ರಿಟಿಷರು ಬ್ರಿಟಿಷರಿಗಾಗಿ ನಡೆಸುತ್ತಿದ್ದವು. ಭಾರತೀಯರು ನಡೆಸುತ್ತಿದ್ದ ಪತ್ರಿಕೆಗಳನ್ನು ಇವು ಒಟ್ಟಾಗಿ ‘ನೇಟಿವ್ ಪ್ರೆಸ್’ ಎನ್ನುತ್ತಿದ್ದವು.

ಇವುಗಳ ಅಂಕಣಗಳಲ್ಲಿ ಈ ವಿಶೇಷಣ ಸೇರದ ನಾಮಪದವೇ ಇರಲಿಲ್ಲ ಎನ್ನಬಹುದು. ನೇಟಿವ್ ಮಹನೀಯರು ಸಭೆಗೆ ಬಂದಿದ್ದರು, ನೇಟಿವ್ ವೈದ್ಯನನ್ನು ಕರೆಸಲಾಯಿತು, ನೇಟಿವ್ ಕ್ರೈಸ್ತರು ಶಾಲೆ ತೆರೆದರು, ನೇಟಿವ್ ಪೇಟೆಯಲ್ಲಿ ಬೆಂಕಿ ಬಿತ್ತು. ಇವುಗಳಲ್ಲಿ ಹೆಚ್ಚಿನವು ಬೈಗುಳದ ದನಿಯಲ್ಲಿ ಬರೆದವಲ್ಲ ಎಂಬುದನ್ನು ಗಮನಿಸಬೇಕು. ಬರೆದವನಿಗೆ ಅದು ಒಂದು ಸಾಮಾನ್ಯ ವಿಂಗಡಣೆ, ದಿನಬಳಕೆಯ ಗುರುತುಚೀಟಿ. ಸೈನ್ಯದ ಸುದ್ದಿಗಳಲ್ಲಿ ಅದು ಎರಡಕ್ಷರಕ್ಕೆ ಇಳಿದಿತ್ತು: ಮಂಗಲ್ ಪಾಂಡೆ ಇದ್ದ ದಳವನ್ನು 1857ರ ಪತ್ರಿಕೆಗಳು ‘34ನೆಯ ಎನ್.ಐ.’ ಎಂದು ಬರೆದರೆ ಅದು 34ನೆಯ ನೇಟಿವ್ ಇನ್‌ಫೆಂಟ್ರಿ, ಅಂದರೆ ಭಾರತೀಯ ಸಿಪಾಯಿಗಳ ಕಾಲ್ದಳ. 1885ರಲ್ಲಿ ಬಂಗಾಳ ಸೈನ್ಯದ ಕಾಲ್ದಳಗಳ ಹೆಸರಿನಿಂದ ಆ ಪದವನ್ನು ತೆಗೆದುಹಾಕಲಾಯಿತು.

ಈ ವಿಂಗಡಣೆಗೆ ಒಳಗಿನ ವ್ಯತ್ಯಾಸಗಳು ಕಾಣುತ್ತಿರಲಿಲ್ಲ. ಮೈಸೂರಿನ ಉದಾಹರಣೆ ಇಲ್ಲಿ ಉಪಯುಕ್ತ. 1831ರಿಂದ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿದ್ದ ಸಂಸ್ಥಾನ 1881ರ ಮಾರ್ಚಿನಲ್ಲಿ ಚಾಮರಾಜೇಂದ್ರ ಒಡೆಯರಿಗೆ ಮರಳಿತು. ಇಂಗ್ಲಿಷ್ ಪತ್ರಿಕೆಗಳ ಭಾಷೆಯಲ್ಲಿ ಇದು ‘ನೇಟಿವ್ ಆಡಳಿತ’ದ ಮರುಸ್ಥಾಪನೆ, ಮೈಸೂರು ಒಂದು ‘ನೇಟಿವ್ ಸ್ಟೇಟ್’. ದಿವಾನರಾದ ರಂಗಾಚಾರ್ಲು, ಅನಂತರ ಬಂದ ಶೇಷಾದ್ರಿ ಅಯ್ಯರ್ ಇಬ್ಬರೂ ಮದರಾಸು ಪ್ರಾಂತದಿಂದ ಬಂದವರು. ಮೈಸೂರಿನ ವಿದ್ಯಾವಂತರಿಗೆ ಅಂದಿನ ದೊಡ್ಡ ಪ್ರಶ್ನೆಯೆಂದರೆ ಸಂಸ್ಥಾನದ ಹುದ್ದೆಗಳು ಮೈಸೂರಿಗರಿಗೆ ಸಿಗಬೇಕೋ ಮದರಾಸಿನಿಂದ ಬಂದವರಿಗೋ ಎಂಬುದು. ಹುಟ್ಟಿದ ಸ್ಥಳದ ಮಾತೇ ಆಗಿದ್ದರೆ ‘ನೇಟಿವ್’ ಎಂಬುದು ಈ ಜಗಳಕ್ಕೆ ಹೇಳಿ ಮಾಡಿಸಿದ ಪದ. ಆದರೆ ಆಂಗ್ಲೋ-ಇಂಡಿಯನ್ ಪತ್ರಿಕೆಗೆ ಮೈಸೂರಿಗನೂ ನೇಟಿವ್, ಮದರಾಸಿನವನೂ ನೇಟಿವ್. ಪದವು ಹುಟ್ಟಿದ ಊರನ್ನು ಹೇಳುತ್ತಿರಲಿಲ್ಲ, ಆಳುವವರ ಗೆರೆಯ ಯಾವ ಬದಿಗೆ ನಿಂತಿದ್ದಾನೆ ಎಂಬುದನ್ನು ಹೇಳುತ್ತಿತ್ತು.

ಕಾನೂನು ಹಿಡಿದ ದಾರಿ

ಪತ್ರಿಕೆಗಳ ರೂಢಿ ಹೀಗಿದ್ದರೂ ಕಾನೂನು ಹುಟ್ಟಿನ ಅರ್ಥವನ್ನೇ ಹಿಡಿದಿತ್ತು. 1833ರ ಚಾರ್ಟರ್ ಕಾಯ್ದೆ, ಇಲ್ಲಿನ ಯಾವ ‘ನೇಟಿವ್’ ವ್ಯಕ್ತಿಗೂ ಕೇವಲ ಧರ್ಮ, ಜನ್ಮಸ್ಥಳ, ವಂಶ ಅಥವಾ ಬಣ್ಣದ ಕಾರಣಕ್ಕೆ ಹುದ್ದೆ ತಪ್ಪಬಾರದು ಎಂದು ಹೇಳಿತ್ತು. 1858ರ ರಾಣಿಯ ಘೋಷಣೆಯೂ ತನ್ನ ಉಳಿದ ಪ್ರಜೆಗಳಿಗೆ ಇರುವ ಕರ್ತವ್ಯವೇ ಭಾರತದ ‘ನೇಟಿವ್ಸ್’ಗೂ ಇದೆ ಎಂದಿತು. 1870ರ ಕಾಯ್ದೆಯೊಂದು ವ್ಯಾಖ್ಯೆಯನ್ನೇ ಕೊಟ್ಟಿತು: ತಾತ್ಕಾಲಿಕ ಕೆಲಸಕ್ಕಾಗಿ ಬಂದಿರದೆ ಸಾಮಾನ್ಯವಾಗಿ ಇಲ್ಲೇ ವಾಸಿಸುವ ತಂದೆತಾಯಿಗಳಿಗೆ ಭಾರತದಲ್ಲಿ ಹುಟ್ಟಿ, ಇಲ್ಲೇ ನೆಲೆಸಿರುವವರು.

ಈ ವ್ಯಾಖ್ಯೆಯನ್ನು ಅಕ್ಷರಶಃ ಓದಿದರೆ, ತಲೆಮಾರುಗಳಿಂದ ಇಲ್ಲೇ ನೆಲೆಸಿದ್ದ ಬಿಳಿಯನೂ ಮಿಶ್ರ ಮೂಲದವನೂ ‘ನೇಟಿವ್’ ಆಗುತ್ತಾರೆ. ಹಾಗೆಯೇ ಆಯಿತು ಕೂಡ. ಅಂಥವರನ್ನು ‘ಕಾಯ್ದೆಯ ಪ್ರಕಾರ ನೇಟಿವ್’ ಎಂದು ಗುರುತಿಸುವ ಪರಿಪಾಠವೇ ಬೆಳೆಯಿತು. ಕಾಯ್ದೆಯ ಪುಸ್ತಕದಲ್ಲಿ ನೇಟಿವ್ ಆಗಿದ್ದವನು ಪತ್ರಿಕೆಯ ಅಂಕಣದಲ್ಲಿ ನೇಟಿವ್ ಆಗಿರಲಿಲ್ಲ. ಸರ್ಕಾರಿ ಪ್ರಕಟಣೆಯನ್ನು ಯಥಾವತ್ತಾಗಿ ಅಚ್ಚು ಮಾಡಿದ ಪತ್ರಿಕೆಯ ಪುಟದಲ್ಲಿ ಎರಡು ಅರ್ಥಗಳೂ ಅಕ್ಕಪಕ್ಕದಲ್ಲೇ ಇರುತ್ತವೆ, ಓದುಗ ಎಚ್ಚರದಿಂದಿರಬೇಕು.

ಸರ್ಕಾರ ಪತ್ರಿಕೆಗಳನ್ನು ಓದಿದ ಬಗೆ

ದೇಶಭಾಷೆಗಳ ಪತ್ರಿಕೆಗಳು ಏನು ಬರೆಯುತ್ತಿವೆ ಎಂದು ತಿಳಿಯುವ ಆಸೆ ಸರ್ಕಾರಕ್ಕೆ ಮೊದಲಿನಿಂದಲೂ ಇತ್ತು. 1860ರ ದಶಕದಿಂದ ಪ್ರಾಂತಗಳ ಸರ್ಕಾರಿ ಅನುವಾದಕರು ಅವುಗಳನ್ನು ಓದಿ, ಮುಖ್ಯವೆನಿಸಿದ ಭಾಗಗಳ ಇಂಗ್ಲಿಷ್ ಸಾರವನ್ನು ಅಧಿಕಾರಿಗಳಿಗೆ ಗುಟ್ಟಾಗಿ ಒಪ್ಪಿಸತೊಡಗಿದರು. ‘ರಿಪೋರ್ಟ್ ಆನ್ ನೇಟಿವ್ ಪೇಪರ್ಸ್’ ಎಂಬುದು ಈ ವರದಿಗಳ ಸಾಮಾನ್ಯ ಹೆಸರು. ಮುಂಬಯಿ ಪ್ರಾಂತದ ವರದಿಯ ಮೊದಲ ಪುಟಗಳಲ್ಲಿ ಪತ್ರಿಕೆಗಳ ಪಟ್ಟಿಯಿರುತ್ತಿತ್ತು: ಹೆಸರು, ಊರು, ದಿನಪತ್ರಿಕೆಯೋ ವಾರಪತ್ರಿಕೆಯೋ, ಎಷ್ಟು ಪ್ರತಿ, ಮತ್ತು ಸಂಪಾದಕನ ಹೆಸರು, ಜಾತಿ, ವಯಸ್ಸು. ಪುಣೆಯ ‘ಕೇಸರಿ’ಯ ಮುಂದೆ ತಿಲಕರ ಜಾತಿ ವಯಸ್ಸುಗಳು ಇರುವಂತೆ, ಧಾರವಾಡದ ‘ಕರ್ನಾಟಕ ವೃತ್ತ’ದಂಥ ಕನ್ನಡ ಪತ್ರಿಕೆಗಳ ಮುಂದೆಯೂ ಅವರವರ ಸಂಪಾದಕರ ವಿವರ ಇರುತ್ತಿತ್ತು. ಸಂಪಾದಕೀಯ ಓದಲು ಸಂಪಾದಕನ ಜಾತಿ ತಿಳಿಯಬೇಕು ಎಂದು ಆ ಕಚೇರಿ ಭಾವಿಸಿದ್ದು, ‘ನೇಟಿವ್’ ಎಂಬ ಒಂದೇ ಪದದ ಕೆಳಗೆ ಎಷ್ಟು ಖಾನೆಗಳಿದ್ದವು ಎಂಬುದನ್ನು ತೋರಿಸುತ್ತದೆ.

1878ರ ಮಾರ್ಚಿನಲ್ಲಿ ವೈಸ್‌ರಾಯ್ ಲಿಟನ್ ತಂದ ಕಾಯ್ದೆಯನ್ನು ನಾವು ‘ವರ್ನಾಕ್ಯುಲರ್ ಪ್ರೆಸ್ ಆಕ್ಟ್’ ಎಂದು ಶಾಲೆಯಲ್ಲಿ ಓದಿದ್ದೇವೆ. ಕಾಯ್ದೆಯ ಪೂರ್ಣ ಶೀರ್ಷಿಕೆಯಲ್ಲಿದ್ದದ್ದು ‘ಪೌರ್ವಾತ್ಯ ಭಾಷೆಗಳ ಪ್ರಕಟಣೆಗಳ’ ನಿಯಂತ್ರಣ. ಜಿಲ್ಲಾಧಿಕಾರಿ ಮುದ್ರಕನಿಂದಲೂ ಪ್ರಕಾಶಕನಿಂದಲೂ ಮುಚ್ಚಳಿಕೆ ಬರೆಸಿಕೊಳ್ಳಬಹುದಾಗಿತ್ತು, ಠೇವಣಿ ಇಡಿಸಿಕೊಳ್ಳಬಹುದಾಗಿತ್ತು, ತಪ್ಪಿದರೆ ಮುದ್ರಣಯಂತ್ರವನ್ನೇ ಜಪ್ತಿ ಮಾಡಬಹುದಾಗಿತ್ತು; ನ್ಯಾಯಾಲಯದ ಬಾಗಿಲು ತಟ್ಟುವ ಅವಕಾಶವಿರಲಿಲ್ಲ. ಇಂಗ್ಲಿಷ್ ಪತ್ರಿಕೆಗಳಿಗೆ ಇದು ಅನ್ವಯಿಸುತ್ತಿರಲಿಲ್ಲ. ಅಂದರೆ ಸರ್ಕಾರ ಗೆರೆ ಎಳೆದದ್ದು ಭಾಷೆಯ ಮೇಲೆ, ನಡೆಸುವವರ ಮೇಲಲ್ಲ. ಕಲ್ಕತ್ತೆಯ ‘ಅಮೃತ ಬಜಾರ್ ಪತ್ರಿಕಾ’ ಅದುವರೆಗೆ ಬಂಗಾಳಿಯಲ್ಲೂ ಇಂಗ್ಲಿಷಿನಲ್ಲೂ ಬರುತ್ತಿತ್ತು. ಕಾಯ್ದೆ ಬಂದ ಕೆಲವೇ ದಿನಗಳಲ್ಲಿ ಅದು ಪೂರ್ತಿ ಇಂಗ್ಲಿಷ್ ಪತ್ರಿಕೆಯಾಗಿ ಹೊರಬಂದು ಕಾಯ್ದೆಯ ಕೈಗೆ ಸಿಗದಾಯಿತು. ಲಿಟನ್ನನ ನಂತರ ಬಂದ ರಿಪನ್ ಆ ಕಾಯ್ದೆಯನ್ನು ರದ್ದುಪಡಿಸಿದ.

ಭಾಷೆಯ ಗೆರೆ ಸಾಲದು ಎಂಬುದು ವರದಿಗಳ ಹೆಸರಿನಲ್ಲಿಯೂ ಕಾಣುತ್ತದೆ. ಇಪ್ಪತ್ತನೆಯ ಶತಮಾನದ ಆರಂಭದ ಹೊತ್ತಿಗೆ ಮದರಾಸಿನ ವರದಿಯ ಶೀರ್ಷಿಕೆಯಲ್ಲಿ ‘ನೇಟಿವರ ಒಡೆತನದ ಇಂಗ್ಲಿಷ್ ಪತ್ರಿಕೆಗಳು’ ಎಂಬ ಬೇರೆಯೇ ವರ್ಗ ಬಂದಿತ್ತು. ಅವುಗಳನ್ನು ಓದುತ್ತಿದ್ದವರು ಅನುವಾದಕರಲ್ಲ, ಅಪರಾಧ ತನಿಖೆಯ ಪೊಲೀಸ್ ಇಲಾಖೆಯವರು.

ಪದ ಸುಡತೊಡಗಿದ ವರ್ಷಗಳು

ಸಾಮಾನ್ಯ ಗುರುತಾಗಿದ್ದ ವಿಶೇಷಣ ಯಾವಾಗ ಅವಮಾನದ ಪದವಾಯಿತು ಎಂದು ಒಂದು ದಿನಾಂಕ ಕೊಡಲಾಗದು. ಆದರೆ ಎರಡು ಪ್ರಸಂಗಗಳನ್ನು ಬಿಟ್ಟರೆ ಆ ಬದಲಾವಣೆ ಅರ್ಥವಾಗುವುದಿಲ್ಲ.

ಮೊದಲನೆಯದು ಮದರಾಸಿನದು. 1878ರಲ್ಲಿ ಟಿ. ಮುತ್ತುಸ್ವಾಮಿ ಅಯ್ಯರ್ ಅಲ್ಲಿನ ಹೈಕೋರ್ಟಿನ ನ್ಯಾಯಾಧೀಶರಾದ ಮೊದಲ ಭಾರತೀಯರಾದಾಗ, ನೇಟಿವ್ ಒಬ್ಬನಿಗೆ ಆ ಪೀಠ ತಕ್ಕುದಲ್ಲ ಎಂಬ ಧಾಟಿಯಲ್ಲಿ ಆಂಗ್ಲೋ-ಇಂಡಿಯನ್ ಪತ್ರಿಕೆಗಳು ಟೀಕಿಸಿದವು. ಉತ್ತರ ಕೊಡಲು ತಮ್ಮದೊಂದು ಇಂಗ್ಲಿಷ್ ಪತ್ರಿಕೆ ಇಲ್ಲವಲ್ಲ ಎಂದು ಮದರಾಸಿನ ತಿರುವಲ್ಲಿಕ್ಕೇಣಿ ಬಡಾವಣೆಯ ಆರು ಜನ ತರುಣರು, ಜಿ. ಸುಬ್ರಹ್ಮಣ್ಯ ಅಯ್ಯರ್ ಅವರ ಮುಂದಾಳತ್ವದಲ್ಲಿ, ಅದೇ ವರ್ಷದ ಸೆಪ್ಟೆಂಬರ್ 20ರಂದು ‘ದಿ ಹಿಂದು’ ವಾರಪತ್ರಿಕೆಯನ್ನು ಹೊರಡಿಸಿದರು.

ಎರಡನೆಯದು 1883ರ ಇಲ್ಬರ್ಟ್ ಮಸೂದೆ. ಅಲ್ಲಿಯವರೆಗೆ ಕಲ್ಕತ್ತೆ, ಮುಂಬಯಿ, ಮದರಾಸು ನಗರಗಳ ಹೊರಗೆ ಬಿಳಿಯ ಆರೋಪಿಯನ್ನು ಭಾರತೀಯ ನ್ಯಾಯಾಧಿಕಾರಿ ವಿಚಾರಿಸುವಂತಿರಲಿಲ್ಲ, ಅವನ ದರ್ಜೆ ಎಷ್ಟೇ ದೊಡ್ಡದಿರಲಿ. ವೈಸ್‌ರಾಯ್ ಮಂಡಲಿಯ ಕಾನೂನು ಸದಸ್ಯ ಕೋರ್ಟ್ನಿ ಇಲ್ಬರ್ಟ್ ಈ ಭೇದವನ್ನು ತೆಗೆಯಲು ಹೊರಟಾಗ ‘ಇಂಗ್ಲಿಷ್‌ಮನ್’ ಮೊದಲಾದ ಪತ್ರಿಕೆಗಳು ತಿಂಗಳುಗಟ್ಟಲೆ ಕೂಗೆಬ್ಬಿಸಿದವು, ಕಲ್ಕತ್ತೆಯ ಟೌನ್ ಹಾಲಿನಲ್ಲಿ ದೊಡ್ಡ ಸಭೆ ಸೇರಿತು, ಚಹಾ ಮತ್ತು ನೀಲಿ (ಇಂಡಿಗೊ) ಬೆಳೆಯ ತೋಟಗಳ ಮಾಲೀಕರು ಒಗ್ಗಟ್ಟಾದರು. ಆ ವರ್ಷದ ಅಂಕಣಗಳಲ್ಲಿ ‘ನೇಟಿವ್ ಮ್ಯಾಜಿಸ್ಟ್ರೇಟ್’ ಎಂಬ ಜೋಡಿಪದ ಎಷ್ಟು ಸಲ, ಎಂಥ ದನಿಯಲ್ಲಿ ಬಂದಿತೆಂದರೆ, ಅದನ್ನು ಬರಿಯ ಗುರುತು ಎಂದು ಓದುವುದು ಭಾರತೀಯ ಓದುಗನಿಗೆ ಸಾಧ್ಯವಿರಲಿಲ್ಲ. 1884ರ ಜನವರಿಯಲ್ಲಿ ಮಸೂದೆ ಅಂಗೀಕಾರವಾಯಿತು, ಆದರೆ ಬಿಳಿಯ ಆರೋಪಿ ಕೇಳಿದರೆ ಅರ್ಧದಷ್ಟಾದರೂ ಯುರೋಪಿಯನ್ನರೋ ಅಮೆರಿಕನ್ನರೋ ಇರುವ ಜೂರಿಯನ್ನು ಕೊಡಬೇಕು ಎಂಬ ರಾಜಿಯೊಡನೆ.

ತಾವೇ ಇಟ್ಟುಕೊಂಡ ಹೆಸರು, ತಾವೇ ಬಿಟ್ಟ ಹೆಸರು

ಭಾರತೀಯರು ಈ ಪದವನ್ನು ಮೊದಲಿನಿಂದಲೂ ದೂರವಿಟ್ಟಿದ್ದರು ಎಂದು ತಿಳಿಯಬಾರದು. 1864ರಲ್ಲಿ ವಿಶ್ವನಾಥ ನಾರಾಯಣ ಮಂಡಲಿಕ್ ಮುಂಬಯಿಯಲ್ಲಿ ಆರಂಭಿಸಿದ ಪತ್ರಿಕೆಯ ಹೆಸರೇ ‘ನೇಟಿವ್ ಒಪಿನಿಯನ್’. ಮದರಾಸಿನಲ್ಲಿಯೂ ‘ನೇಟಿವ್ ಪಬ್ಲಿಕ್ ಒಪಿನಿಯನ್’ ಎಂಬ ಪತ್ರಿಕೆ ಇತ್ತು. ಸರ್ಕಾರ ಕೇಳಬೇಕಾದ ಅಭಿಪ್ರಾಯ ಇಲ್ಲಿ ಹುಟ್ಟಿದವರದು ಎಂಬ ಹಕ್ಕಿನ ಮಾತು ಆ ಹೆಸರುಗಳಲ್ಲಿತ್ತು. ಕಾಯ್ದೆಗಳಲ್ಲಿಯೂ ರಾಣಿಯ ಘೋಷಣೆಯಲ್ಲಿಯೂ ಇದ್ದ ಪದವನ್ನೇ ಎತ್ತಿಕೊಂಡರೆ ಕೊಟ್ಟ ಮಾತನ್ನು ನೆನಪಿಸಲು ಅನುಕೂಲವಾಗುತ್ತಿತ್ತು.

ಆದರೆ 1885ರಲ್ಲಿ ಹುಟ್ಟಿದ ಕಾಂಗ್ರೆಸ್ ತನ್ನನ್ನು ‘ಇಂಡಿಯನ್ ನ್ಯಾಷನಲ್’ ಎಂದು ಕರೆದುಕೊಂಡಿತು. ‘ನೇಟಿವ್’ ಎಂಬುದು ಆಳುವವನ ಎದುರು ನಿಲ್ಲಿಸಿದರೆ ಮಾತ್ರ ಅರ್ಥ ಬರುವ ಪದ. ‘ಇಂಡಿಯನ್’ ತನ್ನಷ್ಟಕ್ಕೆ ನಿಲ್ಲುತ್ತದೆ. ಅನಂತರದ ಭಾರತೀಯ ಒಡೆತನದ ಪತ್ರಿಕೆಗಳ ಹೆಸರುಗಳಲ್ಲಿ ಈ ಎರಡನೆಯ ಪದವೇ ಹೆಚ್ಚುತ್ತ ಹೋಯಿತು, ಮತ್ತು ಸರ್ಕಾರದ ಭಾಷೆ ನಿಧಾನವಾಗಿ ಹಿಂಬಾಲಿಸಿತು. ಮೈಸೂರು, ಬರೋಡದಂಥ ‘ನೇಟಿವ್ ಸ್ಟೇಟ್’ಗಳ ಸ್ಥಾನಮಾನ ವಿಚಾರಿಸಲು 1927ರಲ್ಲಿ ನೇಮಕವಾದ ಬಟ್ಲರ್ ಸಮಿತಿಯ ಅಧಿಕೃತ ಹೆಸರು ‘ಇಂಡಿಯನ್ ಸ್ಟೇಟ್ಸ್ ಕಮಿಟಿ’.

ದಕ್ಷಿಣ ಆಫ್ರಿಕದ ಪತ್ರಿಕೆಗಳು ಇದಕ್ಕೆ ಇನ್ನೊಂದು ಮಗ್ಗುಲು. ಅಲ್ಲಿ ‘ನೇಟಿವ್’ ಎಂದರೆ ಕಪ್ಪು ಆಫ್ರಿಕನ್ನರು, ಭಾರತೀಯರು ‘ಏಷ್ಯಾಟಿಕ್’. ಮದರಾಸಿನಲ್ಲಿ ಹಡಗು ಹತ್ತಿದಾಗ ನೇಟಿವ್ ಆಗಿದ್ದವನು ಡರ್ಬನ್ನಿನಲ್ಲಿ ಇಳಿಯುವಾಗ ಬೇರೆ ಖಾನೆಗೆ ಸೇರುತ್ತಿದ್ದ. 1903ರಲ್ಲಿ ಗಾಂಧೀಜಿಯವರ ಆಸರೆಯಲ್ಲಿ ಅಲ್ಲಿ ಹುಟ್ಟಿದ ಪತ್ರಿಕೆಯ ಹೆಸರು ‘ಇಂಡಿಯನ್ ಒಪಿನಿಯನ್’ ಎಂದಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆಫ್ರಿಕನ್ನರ ಭೂಮಿಯ ಹಕ್ಕನ್ನು ಕಿತ್ತುಕೊಂಡ 1913ರ ಕಾಯ್ದೆ ‘ನೇಟಿವ್ಸ್ ಲ್ಯಾಂಡ್ ಆಕ್ಟ್’. ಅದರ ವಿರುದ್ಧ ಹೋರಾಡಿದ, 1912ರಲ್ಲಿ ‘ಸೌತ್ ಆಫ್ರಿಕನ್ ನೇಟಿವ್ ನ್ಯಾಷನಲ್ ಕಾಂಗ್ರೆಸ್’ ಎಂದು ಹುಟ್ಟಿದ ಸಂಸ್ಥೆ 1923ರಲ್ಲಿ ತನ್ನ ಹೆಸರನ್ನು ‘ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್’ ಎಂದು ಬದಲಿಸಿಕೊಂಡಿತು.

ಹುಡುಕುವವರಿಗೆ

ಹಳೆಯ ಕನ್ನಡ ಪತ್ರಿಕೆಗಳ ಸಂಚಿಕೆಗಳಲ್ಲಿ ಎಷ್ಟೋ ಉಳಿದಿಲ್ಲ. ಅವು ಏನು ಬರೆದವೆಂಬುದು ಕೆಲವೊಮ್ಮೆ ಸರ್ಕಾರಿ ಅನುವಾದಕ ಮಾಡಿಟ್ಟ ನಾಲ್ಕು ಸಾಲಿನ ಇಂಗ್ಲಿಷ್ ಸಾರದಿಂದಷ್ಟೇ ತಿಳಿಯುತ್ತದೆ. ಆ ಸಾರವನ್ನು ಬರೆಸಿದ್ದು ಸರ್ಕಾರದ ಆತಂಕ, ಆದ್ದರಿಂದ ತೆರಿಗೆ, ಪೊಲೀಸರು, ಅಧಿಕಾರಿಗಳ ಮೇಲಿನ ದೂರುಗಳು ಅದರಲ್ಲಿ ಹೆಚ್ಚು. ಕವಿತೆ, ಪುಸ್ತಕ ವಿಮರ್ಶೆ, ಊರಹಬ್ಬದ ಸುದ್ದಿ ಕಡಿಮೆ. ಅನುವಾದಕ ಆಯ್ದುಕೊಂಡದ್ದನ್ನೇ ಇಡೀ ಪತ್ರಿಕೆಯ ಸ್ವರೂಪ ಎಂದು ತಿಳಿಯುವಂತಿಲ್ಲ.

ಪತ್ರಾಗಾರಗಳ ಪಟ್ಟಿಗಳಲ್ಲಿ ಈ ವರದಿಗಳು ಇಂದಿಗೂ ಹಳೆಯ ಹೆಸರಿನಲ್ಲೇ ಇವೆ. ಧಾರವಾಡ, ಬೆಳಗಾವಿ, ವಿಜಾಪುರಗಳ ಪತ್ರಿಕೆ ಬೇಕಾದವರು ಮುಂಬಯಿ ಪ್ರಾಂತದ ‘ನೇಟಿವ್ ಪೇಪರ್ಸ್’ ವರದಿಗಳನ್ನೂ, ಮಂಗಳೂರು ಬಳ್ಳಾರಿಗಳದು ಬೇಕಾದವರು ಮದರಾಸಿನ ವರದಿಗಳನ್ನೂ ನೋಡಬೇಕು. ಮೈಸೂರಿನ ಪತ್ರಿಕೆಗಳ ಸಾರವೂ ಮದರಾಸಿನ ವರದಿಗಳಲ್ಲಿ ಸಿಗುತ್ತದೆ. ಕನ್ನಡ ಎಂಬುದು ಅಲ್ಲಿ ‘ಕ್ಯಾನರೀಸ್’ ಆಗಿದೆ, ಕೆಲವೆಡೆ ಇಂಗ್ಲಿಷಿನ ‘ಸಿ’ ಅಕ್ಷರದಿಂದ, ಕೆಲವೆಡೆ ‘ಕೆ’ ಅಕ್ಷರದಿಂದ ಆರಂಭವಾಗುತ್ತದೆ; ಎರಡನ್ನೂ ಹಾಕಿ ಹುಡುಕಬೇಕು. ಧಾರವಾಡದ ಇಂಗ್ಲಿಷ್ ಹೆಸರಿನ ಕೊನೆಯ ಅಕ್ಷರ ಅಂದಿನ ಬರವಣಿಗೆಯಲ್ಲಿ ‘ಡ’ಕಾರವಲ್ಲ, ‘ರ’ಕಾರ.